ಕಾಪಿ ಕುಡಿದು ಕಾಪಿ ತೆಗೆಸಿ

ಹಾಸನವಾಗಲಿ ಚಿಕ್ಕಮಗಳೂರಾಗಲಿ, ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಎರಡು ಅಂಗಡಿ ಇದ್ದೇ ಇರುತ್ತವೆ. ಒಂದರಲ್ಲಿ ಹಾಲು ಕುದಿಯುತ್ತಿರುತ್ತದೆ, ಇನ್ನೊಂದರಲ್ಲಿ ಜೆರಾಕ್ಸ್ ಯಂತ್ರ ಗೊರಗುಡುತ್ತಿರುತ್ತದೆ. ‘ಅಣ್ಣ, ಎರಡು ಕಾಪಿ ಕೊಡು’ ಎಂಬ ಮಾತು ಒಂದಕ್ಷರವೂ ಬದಲಾಗದೆ ಎರಡೂ ಕಡೆ ಸಲ್ಲುತ್ತದೆ. ಒಂದು ಕಡೆ ಲೋಟ ಬರುತ್ತದೆ, ಇನ್ನೊಂದು ಕಡೆ ಪಹಣಿ. ಯಾರೂ ತಬ್ಬಿಬ್ಬಾಗುವುದಿಲ್ಲ. ಕ್ರಿಯಾಪದ ಸೇರಿದರಂತೂ ಅನುಮಾನಕ್ಕೆ ಎಡೆಯೇ ಇಲ್ಲ: ಕುಡಿಯುವುದು, ಕಾಯಿಸುವುದು, ಕುಯ್ಯುವುದು ಒಂದು ಕಾಪಿ, ಬರೆಯುವುದು, ತೆಗೆಸುವುದು, ಹೊಡೆಯುವುದು ಇನ್ನೊಂದು. ಬರೆದರೆ ಅಕ್ಷರ ದುಂಡಗಾಗುತ್ತದೆ, ಹೊಡೆದರೆ ಪರೀಕ್ಷೆಯಿಂದ ಡಿಬಾರ್.

ಇಂಗ್ಲಿಷಿನಲ್ಲಿ ಈ ಎರಡು ಪದಗಳ ನಡುವೆ ಒಂದು ‘ಫ’ಕಾರ ಅಡ್ಡ ನಿಂತಿದೆ. ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿ ಬಿಡುವ ಆ ಸದ್ದು ನಮ್ಮ ವರ್ಣಮಾಲೆಯದಲ್ಲ. ನಮ್ಮ ‘ಫ’ ತುಟಿ ಎರಡನ್ನೂ ಮುಚ್ಚಿ ಬಿಚ್ಚುವ ಮಹಾಪ್ರಾಣ. ಅದಕ್ಕೇ ಅಚ್ಚಿನಲ್ಲಿ ಅಕ್ಷರದ ಕೆಳಗೆ ಎರಡು ಚುಕ್ಕಿ ಇಟ್ಟು ‘ಫ಼’ ಎಂದು ತೋರಿಸುವ ಪದ್ಧತಿ ಬಂತು. ಇಡುವವರು ಕಡಿಮೆ, ಗಮನಿಸುವವರು ಇನ್ನೂ ಕಡಿಮೆ. ಮಲೆನಾಡಿನ ನಾಲಿಗೆ ಮಹಾಪ್ರಾಣದ ತಂಟೆಗೇ ಹೋಗದೆ ‘ಕಾಪಿ’ ಎಂದು ಮುಗಿಸಿಬಿಡುತ್ತದೆ. ಪೇಟೆಯವರ ತಪ್ಪು ಇದರ ತಿರುಗುಮುರುಗು. ಕಾಫಿಯ ಹಲ್ಲುತುಟಿಯ ಸದ್ದನ್ನು ಕಲಿತ ಮೇಲೆ ಅದನ್ನು ಫಲ, ಫಲಿತಾಂಶಗಳಿಗೂ ಹಚ್ಚುತ್ತಾರೆ. ‘ಕಾಪಿ’ ಎಂದವರನ್ನು ನೋಡಿ ನಗುವ ಮೊದಲು ತಾವು ‘ಫಲ’ವನ್ನು ಹೇಗೆ ಹೇಳುತ್ತೇವೆಂದು ಅವರು ಒಮ್ಮೆ ಕೇಳಿಸಿಕೊಳ್ಳಬೇಕು.

ಹಾಗೆ ನೋಡಿದರೆ ಕಾಫಿಯ ಹೆಸರು ಬೆಳೆದದ್ದೇ ಇಂಥ ನಾಲಿಗೆ ಹೊರಳಿನಿಂದ. ಅರಬ್ಬಿಯಲ್ಲಿ ಅದು ಕಹ್ವಾ. ತುರ್ಕರ ಬಾಯಲ್ಲಿ ‘ವ’ಕಾರ ಗಟ್ಟಿಯಾಗಿ ಕಹ್ವೆ. ಡಚ್ಚರು ಕೋಫಿ ಎಂದರು, ಇಂಗ್ಲಿಷರು ಕಾಫಿ ಎಂದರು. ವ ಹೋಗಿ ಫ ಬಂತು, ನಮ್ಮಲ್ಲಿ ಫ ಹೋಗಿ ಪ ಬಂತು. ಹಳೆಯ ಅರಬ್ಬಿ ನಿಘಂಟುಕಾರರು ಕಹ್ವಾ ಎಂದರೆ ಒಂದು ಬಗೆಯ ಮದ್ಯ ಎಂದು ಬರೆದು, ಅದನ್ನು ಹಸಿವು ಕಟ್ಟುವುದು ಎಂಬರ್ಥದ ಧಾತುವಿಗೆ ಜೋಡಿಸಿದ್ದಾರೆ. ‘ಊಟದ ಹೊತ್ತಲ್ಲಿ ಕಾಪಿ ಬೇಡ, ಹಸಿವು ಸತ್ತುಹೋಗುತ್ತೆ’ ಎನ್ನುವ ನಮ್ಮ ಅಜ್ಜಿಯಂದಿರಿಗೆ ಈ ವ್ಯುತ್ಪತ್ತಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಇಥಿಯೋಪಿಯಾದ ಕಾಫಾ ಸೀಮೆಯಿಂದ ಹೆಸರು ಬಂತು ಎನ್ನುವವರೂ ಇದ್ದಾರೆ. ಆದರೆ ಆ ದೇಶದ ಅಮ್ಹಾರಿಕ್ ನುಡಿಯಲ್ಲೇ ಕಾಫಿಗೆ ಬುನ್ನಾ ಎನ್ನುತ್ತಾರೆ. ಸದ್ದು ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ನೆಂಟಸ್ತನ ಕಟ್ಟುವುದಾದರೆ ಜೆರಾಕ್ಸ್ ಅಂಗಡಿಯವನೂ ಕಾಫಿ ಬೆಳೆಗಾರನೇ.

ಇನ್ನೊಂದು ಕಾಪಿ ಲ್ಯಾಟಿನ್ ಮನೆತನದ್ದು. ಮೂಲ ‘ಕೋಪಿಯಾ’, ಅರ್ಥ ಸಮೃದ್ಧಿ, ತುಂಬಿ ತುಳುಕುವಷ್ಟು ಇರುವುದು. ಹಣ್ಣುಹೂ ಉಕ್ಕುವ ಕೊಂಬಿನ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಕಾರ್ನುಕೋಪಿಯಾ ಎನ್ನುವುದು ಇದೇ ಪದದಿಂದ. ಸಮೃದ್ಧಿ ನಕಲಾದದ್ದು ಹೇಗೆ? ಕೋಪಿಯಾಕ್ಕೆ ‘ಅವಕಾಶ, ಅನುಮತಿ’ ಎಂಬ ಅರ್ಥವೂ ಇತ್ತು. ಒಂದು ಹೊತ್ತಗೆಯನ್ನು ಇಳಿಸಿ ಬರೆದುಕೊಳ್ಳಲು ಕೊಡುವ ಅನುಮತಿಗೆ ಆ ಪದವೇ ಬಳಕೆಯಲ್ಲಿತ್ತು. ಮಧ್ಯಯುಗದ ಹೊತ್ತಿಗೆ ಅನುಮತಿಯ ಹೆಸರು ಬರೆದುಕೊಂಡ ಪ್ರತಿಗೇ ಅಂಟಿಕೊಂಡು, ಫ್ರೆಂಚ್ ದಾರಿಯಿಂದ ಇಂಗ್ಲಿಷಿಗೆ ಬಂತು. ಅಂದರೆ ಮೊದಲು ಅಪ್ಪಣೆ, ಆಮೇಲೆ ಕಾಪಿ. ಪರೀಕ್ಷೆಯಲ್ಲಿ ಹೊಡೆಯುವ ಕಾಪಿಯಲ್ಲಿ ಈ ಮೊದಲನೆಯದು ಬಿಟ್ಟುಹೋಗಿರುತ್ತದೆ.

ಕನ್ನಡಕ್ಕೆ ಇದಕ್ಕಿಂತ ಹಳೆಯದೊಂದು ಪದ ಇದೆಯಲ್ಲ, ನಕಲು. ಅದು ಅರಬ್ಬಿಯ ನಕ್ಲ್, ಕಹ್ವಾದ ಊರಿನದೇ. ಮೂಲದಲ್ಲಿ ಅದಕ್ಕೆ ಎರಡು ಅರ್ಥ: ಇಳಿಸಿ ಬರೆಯುವುದು ಒಂದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಇನ್ನೊಂದು. ಸೂಫಿ ಸಂತ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರೆಂಬ ಐತಿಹ್ಯ 17ನೇ ಶತಮಾನದ್ದು. ಮೊಳೆಯುವ ಬೀಜವನ್ನು ಅಲ್ಲಿಯವರು ಹೊರಗೆ ಬಿಡುತ್ತಿರಲಿಲ್ಲವೆಂದೂ ಅದೇ ಐತಿಹ್ಯ ಹೇಳುತ್ತದೆ. ಎರಡನೆಯ ಅರ್ಥದ ನಕಲು ಅವತ್ತು ನಡೆಯಿತು. ಮೊದಲನೆಯ ಅರ್ಥದ್ದನ್ನು ಗಿಡವೇ ನೋಡಿಕೊಂಡಿತು.

ಏಕೆಂದರೆ ಅರೇಬಿಕಾ ಎಂಬ ಕಾಫಿ ಜಾತಿ ಹುಟ್ಟಾ ಕಾಪಿದಾರ. ಅದರ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಆದ್ದರಿಂದ ಬೀಜ ಹಾಕಿದರೆ ತಾಯಿಯಂಥದೇ ಗಿಡ. ಈ ಸೀಮೆಯ ಮೊದಲ ತಳಿಗೆ ‘ಚಿಕ್’ ಎಂಬ ಹೆಸರು ಬಂದದ್ದು ಚಿಕ್ಕಮಗಳೂರಿನಿಂದಲೇ. ಬೆಟ್ಟದುದ್ದಕ್ಕೂ ಒಂದೇ ಪ್ರತಿ. ಇದರ ಅಪಾಯ ಗೊತ್ತಾದದ್ದು ಆಮೇಲೆ. 1869ರಲ್ಲಿ ಸಿಂಹಳದಲ್ಲಿ ಕಂಡ ಎಲೆ ತುಕ್ಕುರೋಗ ಮರುವರ್ಷವೇ ಇಲ್ಲಿಗೂ ಬಂತು. ಕಾಂಡ ಕೊರೆಯುವ ಬೋರರ್ ಹುಳುವಿನ ಕಾಟ ಬೇರೆ. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಅದರ ಯಾವ ಪ್ರತಿಗೂ ಇಲ್ಲ. ಚಿಕ್ ಹೋಯಿತು, ಕೂರ್ಗ್ ತಳಿ ಬಂತು, ಅದೂ ಹೋಗಿ ಕೆಂಟ್ ಬಂತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಕೆಂಟನ್ನು ಇನ್ನೊಂದು ತಳಿಗೆ ಕೂಡಿಸಿ 1940ರ ದಶಕದಲ್ಲಿ ಕೊಟ್ಟ ಎಸ್.795 ಇವತ್ತಿಗೂ ತೋಟಗಳಲ್ಲಿದೆ.

ಪಾತಿಯಲ್ಲಿ ಬೀಜ ಹಾಕುವಾಗ ಚಪ್ಪಟೆ ಮುಖ ಮಣ್ಣಿನ ಕಡೆಗಿರಬೇಕು. ಮಗುಚಿ ಬಿದ್ದರೆ ಬೇರು ಸೊಟ್ಟ ತಿರುಗುತ್ತದೆ. ಡಿಸೆಂಬರ್, ಜನವರಿಯ ಕೆಲಸ ಇದು. ತಡಮಾಡಿದರೆ ಬೀಜದ ಮೊಳೆಯುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಸುಮಾರು 45 ದಿನಕ್ಕೆ ಮೊಳಕೆಯು ಬೀಜವನ್ನು ತಲೆ ಮೇಲೆ ಹೊತ್ತು ಅಂಗಿಯ ಗುಂಡಿಯಂತೆ ನಿಲ್ಲುತ್ತದೆ. ಆಮೇಲೆ ಎರಡು ದುಂಡು ಎಲೆ ಬಿಚ್ಚಿದರೆ ಅದಕ್ಕೆ ಟೋಪಿ ಎನ್ನುತ್ತಾರೆ. ಮಣ್ಣು ತುಂಬಿದ ಬ್ಯಾಗಿಗೆ ಏರಿಸುವುದು ಈ ಎರಡರಲ್ಲೊಂದು ಹಂತದಲ್ಲಿ.

ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾದ ವ್ಯವಹಾರ ಬೇರೆ. ತನ್ನ ಪರಾಗ ತನಗೇ ಆಗದು, ಪಕ್ಕದ ಗಿಡದ್ದು ಬೇಕು. ಹಾಗಾಗಿ ಗೊಂಚಲು ಜಗ್ಗುವ ಗಿಡದ ಬೀಜವನ್ನೇ ಆರಿಸಿ ಹಾಕಿದರೂ ಮಕ್ಕಳಲ್ಲಿ ಒಂದು ದಪ್ಪ, ಒಂದು ಸಣ್ಣ, ಒಂದು ಗೊಡ್ಡು. ಇಲ್ಲಿ ಪಕ್ಕಾ ಕಾಪಿ ಬೇಕೆಂದರೆ ಕಡ್ಡಿ ನೆಡಬೇಕು. ಕಡ್ಡಿಯನ್ನು ಎಲ್ಲಿಂದ ಕತ್ತರಿಸುತ್ತೇವೆ ಎಂಬುದರಲ್ಲೇ ಇರುವುದು ಗುಟ್ಟು. ಕಾಂಡದಿಂದ ನೆಟ್ಟಗೆ ಮೇಲೇಳುವ ಕಂಬಚಿಗುರಿನ ಒಂದು ಗೆಣ್ಣನ್ನು ತೆಗೆದು, ಬೇರು ಬರಿಸುವ ಪುಡಿಗೆ ಅದ್ದಿ, ಪ್ಲಾಸ್ಟಿಕ್ ಹೊದಿಕೆಯಡಿ ಹಸಿ ಆರದಂತೆ ಇಟ್ಟರೆ ನೆಟ್ಟಗಿನ ಗಿಡ ಬರುತ್ತದೆ. ಹಣ್ಣು ಬಿಡುವ ಅಡ್ಡರೆಂಬೆಯಿಂದ ತೆಗೆದರೆ ಅದಕ್ಕೂ ಬೇರು ಬರುತ್ತದೆ, ಎಲೆಯೂ ಬರುತ್ತದೆ, ಆದರೆ ಜನ್ಮಪೂರ್ತಿ ಅಡ್ಡಡ್ಡವೇ ಬೆಳೆದು ನೆಲದ ಮೇಲೆ ಹರಡಿಕೊಳ್ಳುತ್ತದೆ. ಕಾಪಿ ಸರಿಯಾಗಿಯೇ ಆಗಿದೆ, ಆದದ್ದು ಬೇರೆ ಪುಟದ್ದು.

ಕುಡಿಯುವ ಕಾಪಿ, ಬರೆಯುವ ಕಾಪಿ ಎರಡೂ ಒಂದೇ ಚೂರು ತೊಗಲಿನ ಮೇಲೆ ಕೂಡುವುದೂ ಉಂಟು. ಪಾರ್ಚ್‌ಮೆಂಟ್ ಎಂದರೆ ಬೆಳೆಗಾರರಿಗೆ ಹಣ್ಣಿನ ಸಿಪ್ಪೆ ಸುಲಿದು, ಲೋಳೆ ಕೊಳೆಸಿ ತೊಳೆದು ಒಣಗಿಸಿದ ಕಾಫಿ; ಬೀಜಕ್ಕಿರುವ ಹಳದಿ ಗಟ್ಟಿ ಪೊರೆಯ ಹೆಸರೇ ಸರಕಿಗೂ. ಪದ ಮಾತ್ರ ಈಗಿನ ಟರ್ಕಿಯಲ್ಲಿರುವ ಪೆರ್ಗಮಮ್ ಪಟ್ಟಣದ್ದು. ಅಲ್ಲಿ ಹೆಸರಾದದ್ದು ಕುರಿ, ಮೇಕೆ, ಕರುವಿನ ಚರ್ಮವನ್ನು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ ಬರೆಯುವ ಹಾಳೆ. ಶತಮಾನಗಳ ಕಾಲ ಯುರೋಪಿನ ಕಾಪಿಗಳು ಬಹುಪಾಲು ಇದರ ಮೇಲೆಯೇ ಆದವು. ಕಣದಲ್ಲಿ ಕಾಫಿ ಒಣಗಿಸುವಾಗಲೂ ಆತುರ ಮಾಡುವಂತಿಲ್ಲ. ಉರಿಬಿಸಿಲಿನಲ್ಲಿ ತೆಳ್ಳಗೆ ಹರವಿ ಬಿಟ್ಟರೆ ಪೊರೆ ಬಿರಿದು ಒಳಗಿನ ಬೇಳೆ ಬಣ್ಣ ಕೆಡುತ್ತದೆ. ಆಗಾಗ ಗೋರುತ್ತಾ, ನಡುಮಧ್ಯಾಹ್ನ ರಾಶಿ ಮಾಡಿ ಮುಚ್ಚುತ್ತಾ, ತೇವ ನೂರಕ್ಕೆ ಹತ್ತರ ಸುಮಾರಿಗೆ ಇಳಿಸಬೇಕು. ಹಣ್ಣನ್ನು ಸುಲಿಯದೆ ಇಡಿಯಾಗಿ ಒಣಗಿಸಿದರೆ ಅದು ಚೆರಿ. ಜೆರಾಕ್ಸ್‌ನ ಮೂಲವಾದ ಗ್ರೀಕ್ ‘ಕ್ಸೇರೋಸ್’ ಅಂದರೂ ಒಣಗಿದ್ದು ಎಂದೇ ಅರ್ಥ, ಮಸಿನೀರಿಲ್ಲದೆ ಒಣಪುಡಿಯಲ್ಲಿ ಅಚ್ಚಾಗುವುದರಿಂದ. ಈ ಲೆಕ್ಕದಲ್ಲಿ ಚೆರಿ ಕಾಫಿಯನ್ನು ಜೆರಾಕ್ಸ್ ಕಾಪಿ ಎಂದರೂ ನಡೆದೀತು.

ಇನ್ನು ಅಡುಗೆಮನೆಯ ಕಾಪಿ. ಡಿಕಾಕ್ಷನ್ ಎಂಬ ಲ್ಯಾಟಿನ್ ಮೂಲದ ಪದಕ್ಕೆ ಕುದಿಸಿ ಇಳಿಸಿದ್ದು ಎಂದರ್ಥ. ನಮ್ಮ ಫಿಲ್ಟರಿನಲ್ಲಿ ಪುಡಿ ಕುದಿಯುವುದೇ ಇಲ್ಲ, ಸೋಸುತ್ತದೆ ಅಷ್ಟೆ. ಮೂರು ದೊಡ್ಡ ಚಮಚ ಪುಡಿ ಹಾಕಿ, ಛತ್ರಿಯಿಂದ, ಅಂದರೆ ಹಿಡಿಯಿರುವ ತೂತುಬಿಲ್ಲೆಯಿಂದ, ಹಗುರವಾಗಿ ಅದುಮಿ, ಕುದಿದು ಇಳಿಸಿದ ಮುಕ್ಕಾಲು ಲೋಟ ನೀರು ಹುಯ್ದರೆ ಕಾಲು ಗಂಟೆಯಲ್ಲಿ ಕೆಳಗಿನ ಪಾತ್ರೆಗೆ ಇಳಿದಿರುತ್ತದೆ. ಬಿಗಿಯಾಗಿ ಅದುಮಿದರೆ ಅಥವಾ ಪುಡಿ ಹಿಟ್ಟಿನಂತಿದ್ದರೆ ತೂತು ಕಟ್ಟಿಕೊಂಡು ಒಂದು ಹನಿಯೂ ಬೀಳದು. ಆಗ ಫಿಲ್ಟರಿನ ತಲೆಗೆ ಸೌಟಿನಿಂದ ಕುಟ್ಟುವುದು ಎಲ್ಲ ಮನೆಗಳ ಪದ್ಧತಿ, ಅದರಿಂದ ಪುಡಿ ಇನ್ನಷ್ಟು ಕೂರುತ್ತದೆ. ಚಿಕೋರಿ ಬೆರೆತಿದ್ದರೆ ಇನ್ನೂ ನಿಧಾನ. ಅದು ಹುರಿದ ಬೇರು, ಕಾಫಿಯ ಬಣ್ಣ ಗೊತ್ತು, ಕಾಫಿಯ ಗುಣ ಗೊತ್ತಿಲ್ಲ. ಪ್ಯಾಕೆಟ್ಟಿನಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂಬುದು ಕಾನೂನು. ಉಳಿದ 49 ನಕಲಾದರೂ ಮೇಲೆ ಬರೆದದ್ದು ಸುಳ್ಳಾಗುವುದಿಲ್ಲ.

ಮೊದಲ ನೀರು ಇಳಿದ ಮೇಲೆ ಅದೇ ಚರಟಕ್ಕೆ ಎರಡನೇ ನೀರು ಹುಯ್ಯುವವರಿದ್ದಾರೆ. ಟೈಪಿಂಗ್ ಯಂತ್ರದ ಕಾಲದಲ್ಲಿ ಕಾರ್ಬನ್ ಹಾಳೆ ಇಟ್ಟು ಒಂದೇ ಸಲಕ್ಕೆ ನಾಲ್ಕು ಪ್ರತಿ ಹೊಡೆಯುತ್ತಿದ್ದರಲ್ಲ, ಕೊನೆಯದರಲ್ಲಿ ಅಕ್ಷರ ಇದೆಯೋ ಇಲ್ಲವೋ ಎನ್ನುವಂತೆ. ಎರಡನೇ ಡಿಕಾಕ್ಷನ್ನೂ ಹಾಗೆಯೇ. ಮೊದಲನೆಯದರ ಜೊತೆ ಬೆರೆಸಿದರೆ ಯಾರಿಗೂ ತಿಳಿಯುವುದಿಲ್ಲ, ಅದೊಂದನ್ನೇ ಹಾಲಿಗೆ ಹಾಕಿದರೆ ನೆಂಟರು ಮುಂದಿನ ಸಲ ಟೀ ಕೇಳುತ್ತಾರೆ.