ವಿಟಮಿನ್ ತಿಂದ ಮೀನೂ ಸಾಯುತ್ತದೆ ಸ್ವಾಮಿ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ, ಬರೆದಾದರೂ ಇಳಿಸಿಕೊಳ್ಳುತ್ತೇನೆ.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಹರಿದ ಮೇಲೆ ಟೊಮೆಟೊ ಬಿಟ್ಟು ಕೆರೆಯ ಮೀನು ಗುತ್ತಿಗೆ ಹಿಡಿದವನು ನಾನು, ನಿಮಗೆ ಗೊತ್ತೇ ಇದೆ. ನಿನ್ನೆ ಪಕ್ಕದೂರಿನ ಕೆರೆ ಏರಿಯ ಮೇಲೆ ನಮ್ಮಂಥವರನ್ನೆಲ್ಲ ಕೂರಿಸಿಕೊಂಡು ಮೀನಿನ ಆಹಾರ ಮಾರುವವನೊಬ್ಬ ಭಾಷಣ ಬಿಗಿದ. ವಿಟಮಿನ್ ಸಿ, ಇ ಬೆರೆಸಿದ ಆಹಾರವಂತೆ. ತಿಂದ ಮೀನು ಕೀಟನಾಶಕಕ್ಕೂ ಜಗ್ಗುವುದಿಲ್ಲವಂತೆ. ಅದೇ ಹೊತ್ತಿಗೆ ಕೆರೆಗೆ ನೀರು ತರುವ ಕಾಲುವೆಯಲ್ಲಿ ಒಬ್ಬರು ಟೊಮೆಟೊಗೆ ಔಷಧಿ ಹೊಡೆದ ಕ್ಯಾನನ್ನು ಅಲುಗಾಡಿಸಿ ತೊಳೆಯುತ್ತಿದ್ದರು. ಬೆಳ್ಳಗಿನ ನೀರು ಸಾಲಾಗಿ ಕೆರೆಯತ್ತ ಇಳಿಯುತ್ತಿತ್ತು. ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಕೈಯಲ್ಲಿ ಬಣ್ಣದ ಕರಪತ್ರ ಇತ್ತಲ್ಲ!

ವಿಟಮಿನ್ ಸುಳ್ಳು ಎನ್ನುತ್ತಿಲ್ಲ. ನಾವು ಸಾಕುವ ರೋಹು, ಕಾಟ್ಲಾ ಮೀನುಗಳ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಸಿಗಬೇಕು. ವಿಷದಿಂದ ಜೀವಕೋಶಗಳಿಗೆ ಆಗುವ ಹಾನಿಯನ್ನು ಸಿ ಮತ್ತು ಇ ತಕ್ಕಮಟ್ಟಿಗೆ ತಗ್ಗಿಸುತ್ತವೆ ಎಂದು ಪ್ರಯೋಗಾಲಯದ ತೊಟ್ಟಿಗಳಲ್ಲಿ ಕಂಡಿದೆ. ಸಂತೋಷ. ಆದರೆ ಅಲ್ಲಿ ವಿಷವನ್ನು ಅಳೆದು ಹಾಕುತ್ತಾರೆ, ಇಲ್ಲಿ ಕ್ಯಾನಿನಿಂದ ಸುರಿಯುತ್ತಾರೆ. ಸೈಪರ್‌ಮೆಥ್ರಿನ್ ಜಾತಿಯ ಔಷಧಿ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನು ಸಾಯಬಹುದು. ದನಕರುಗಳ ಹಾಗೆ ಅದನ್ನು ಬೇಗ ಅರಗಿಸಿ ಹೊರಹಾಕುವ ಶಕ್ತಿ ಮೀನಿಗಿಲ್ಲ. ವಿಷ ಎಷ್ಟೆಂದು ತೋರಿಸುವ ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ಇಲಿ, ಮೊಲಗಳ ಲೆಕ್ಕ, ಮೀನಿನದಲ್ಲ. ಕ್ಲೋರ್‌ಪೈರಿಫಾಸ್ ಇನ್ನೊಂದು ಬಗೆ: ನರಗಳ ಕೆಲಸಕ್ಕೆ ಬೇಕಾದ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆ ಗಂಟನ್ನು ವಿಟಮಿನ್ ಬಿಚ್ಚುತ್ತದೆಯೇ?

ಇನ್ನು, ನಮ್ಮ ಕೆರೆಗಳಲ್ಲಿ ಚೀಲದ ಆಹಾರ ಹಾಕುವವರು ಎಷ್ಟು ಜನ? ಕಾಟ್ಲಾ ಬೆಳೆಯುವುದು ನೀರಿನಲ್ಲಿರುವ ಸಣ್ಣ ಸಣ್ಣ ಜೀವಿಗಳನ್ನು ತಿಂದು. ಕೀಟನಾಶಕಕ್ಕೆ ಮೊದಲು ಬಲಿಯಾಗುವುದೇ ಅವು. ಮೀನು ಬದುಕಿದರೂ ಅದರ ಊಟ ಸತ್ತಿರುತ್ತದೆ.

ಎದ್ದು ನಿಂತು ಕೇಳಿದೆ: “ಕ್ಯಾನು ತೊಳೆದ ದಿನವೂ ಮೀನು ಬದುಕುತ್ತದೆಂದು ಬರೆದುಕೊಡುತ್ತೀರಾ?” ಎರಡು ಚೀಲ ಕೊಂಡರೆ ರಿಯಾಯಿತಿ ಇದೆ ಎಂದ. ಧನ್ಯ!

ಟೊಮೆಟೊ ಬೆಳೆದವರು ಏನು ಮಾಡಬೇಕು ಎನ್ನುತ್ತೀರಿ. ಕಾಯಿಕೊರಕ, ಬಿಳಿನೊಣದ ಕಾಟ ಉಂಡವನೇ ನಾನು, ಹೊಡೆಯಬೇಡಿ ಎನ್ನುವುದಿಲ್ಲ. ಕಾಲುವೆಯಲ್ಲಿ ತೊಳೆಯಬೇಡಿ ಎನ್ನುತ್ತೇನೆ, ಅಷ್ಟೆ. ಅದಕ್ಕೆ ಯಾವ ಬೆಳೆ ನಷ್ಟ?

ಒಂದು ಮಾತು ಹೇಳಲು ನಾಚಿಕೆ. ಕೋಲಾರದಲ್ಲಿ ಹುಟ್ಟಿ ಮಳೆಗೆ ಹೆದರುವವನು ನಾನೊಬ್ಬನೇ ಇರಬೇಕು. ಹೊಲದ ಕೆಮ್ಮಣ್ಣಿನ ಜೊತೆ ಔಷಧಿಯೂ ಕೊಚ್ಚಿ ಬರುತ್ತದೆಂದು ಮೊದಲ ಮಳೆಯ ರಾತ್ರಿ ಟಾರ್ಚ್ ಹಿಡಿದು ಏರಿಯ ಮೇಲೆ ಓಡಾಡುತ್ತೇನೆ. ಮೀನು ಬಾಯಿ ತೆರೆದು ಮೇಲೆ ಬಂದರೆ ನಾನು ಮಾಡುವುದೇನೂ ಉಳಿದಿರುವುದಿಲ್ಲ.

ಆ ಚೀಲದ ದುಡ್ಡಿಗೆ ಕಾಲುವೆ ಪಕ್ಕದ ಹೊಲಗಳಲ್ಲಿ ನೀರಿನ ಡ್ರಮ್ ಇಡಬಹುದು. ಅಲ್ಲೇ ಕ್ಯಾನು ತೊಳೆದು, ತೊಳೆದ ನೀರನ್ನು ಅದೇ ಬೆಳೆಗೆ ಹೊಡೆದರಾಯಿತು. ಯಾರ ಬಳಿಯಾದರೂ ಹಳೆಯ ಡ್ರಮ್ ಇದ್ದರೆ ಹೇಳಿ, ನಾನೇ ಬಂದು ಒಯ್ಯುತ್ತೇನೆ.