ದ್ವೀಪದಲ್ಲಿ ದೊಡ್ಡ ಪ್ರಾಣಿ ಕುಗ್ಗುತ್ತದೆ, ಸಣ್ಣದು ಹಿಗ್ಗುತ್ತದೆ: ಇದನ್ನು ನಿಯಮ ಅನ್ನಬಹುದೇ?

ಪರ

ಸಿಸಿಲಿಯ ಸ್ಪಿನಗಾಲೊ ಗುಹೆಯಲ್ಲಿ ಒಂದು ಜಾತಿಯ ಆನೆಯ ಮೂಳೆಗಳು ರಾಶಿ ರಾಶಿ ಸಿಕ್ಕಿವೆ. ಪೂರ್ತಿ ಬೆಳೆದ ಮೇಲೂ ಅದರ ಭುಜದ ಎತ್ತರ ಸುಮಾರು 1 ಮೀಟರ್, ಅಂದರೆ ನಮ್ಮ ಸೊಂಟದಷ್ಟು! ಅದರ ಪೂರ್ವಜರು ಯೂರೋಪಿನ ಮುಖ್ಯ ನೆಲದಲ್ಲಿದ್ದವರು. ಅವುಗಳಲ್ಲಿ ಗಂಡಾನೆ 4 ಮೀಟರ್ ಹತ್ತಿರ ಬೆಳೆಯುತ್ತಿತ್ತು. ಇದೊಂದೇ ಆಗಿದ್ದರೆ ಏನೋ ವಿಚಿತ್ರ ಅಂತ ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಸೈಪ್ರಸ್‌ನಲ್ಲೂ ಕುಳ್ಳ ಆನೆಗಳಿದ್ದವು. ಕ್ಯಾಲಿಫೋರ್ನಿಯಾ ಕರಾವಳಿಯ ಚಾನೆಲ್ ದ್ವೀಪಗಳಲ್ಲಿ ಆನೆ ಕುಲದ ಮ್ಯಾಮತ್‌ಗಳು ಕುಗ್ಗಿದವು. ಇಂಡೋನೇಷ್ಯಾದ ಫ್ಲೋರಿಸ್‌ನಲ್ಲಿ ಆನೆಗಳ ದೂರದ ನೆಂಟ ಸ್ಟೆಗೊಡಾನ್ ಕುಗ್ಗಿತು. ಸಮುದ್ರ ಬೇರೆ, ವಂಶ ಬೇರೆ, ಕಾಲ ಬೇರೆ. ಆದದ್ದು ಮಾತ್ರ ಒಂದೇ. ಇದನ್ನು ಬರೀ ಕಾಕತಾಳೀಯ ಅನ್ನೋದು ಕಷ್ಟ ಅಲ್ವಾ?

1964ರಲ್ಲಿ ಕೆನಡಾದ ಜೀವವಿಜ್ಞಾನಿ ಬ್ರಿಸ್ಟಲ್ ಫಾಸ್ಟರ್ ದ್ವೀಪದ ಸಸ್ತನಿಗಳನ್ನು ಮುಖ್ಯ ನೆಲದ ಅವುಗಳ ಬಂಧುಗಳ ಜೊತೆ ಹೋಲಿಸಿದರು. ಇಲಿಯ ಜಾತಿಯವು ಹೆಚ್ಚಾಗಿ ದೊಡ್ಡದಾಗಿದ್ದವು. ಗೊರಸಿನ ಪ್ರಾಣಿಗಳು, ಮಾಂಸಾಹಾರಿಗಳು ಹೆಚ್ಚಾಗಿ ಚಿಕ್ಕದಾಗಿದ್ದವು. 1973ರಲ್ಲಿ ಲೀ ವಾನ್ ವೇಲನ್ ಇದನ್ನು ದ್ವೀಪ ನಿಯಮ ಎಂದು ಕರೆದರು.

ಕಾರಣವೂ ಕೈಗೆ ಸಿಗುವಂಥದ್ದೇ. ದ್ವೀಪದಲ್ಲಿ ಮೇವಿಗೆ ಮಿತಿ ಇದೆ. ಬರ ಬಂದರೆ ಬೇರೆ ಕಡೆ ವಲಸೆ ಹೋಗುವ ಹಾಗಿಲ್ಲ. ಅಂಥ ಕಡೆ ಕಡಿಮೆ ತಿಂದು ಬದುಕುವ, ಬೇಗ ಬೆಳೆದು ಬೇಗ ಮರಿ ಹಾಕುವ ಪ್ರಾಣಿಗೆ ಅನುಕೂಲ ಜಾಸ್ತಿ. ತೋಳ, ಸಿಂಹ ಇಲ್ಲದಿದ್ದರೆ ರಕ್ಷಣೆಗೆಂದು ಭಾರಿ ಮೈ ಹೊರುವ ಅಗತ್ಯವೂ ಇಲ್ಲ. ಇಲಿಯ ಲೆಕ್ಕ ಉಲ್ಟಾ. ಬಿಲಕ್ಕೆ ನುಸುಳಿ ತಪ್ಪಿಸಿಕೊಳ್ಳುವ ಕೆಲಸ ಇಲ್ಲದಿದ್ದರೆ ದೊಡ್ಡ ಮೈಯೇ ಲಾಭ: ಹೆಚ್ಚು ಕೊಬ್ಬು ಕೂಡಿಡಬಹುದು, ಜಗಳದಲ್ಲಿ ಗೆಲ್ಲಬಹುದು.

ಇದಕ್ಕೆ ಕೋಟಿ ವರ್ಷ ಬೇಕಿಲ್ಲ. ಹಿಂದಿನ ಬೆಚ್ಚಗಿನ ಯುಗದಲ್ಲಿ ಸಮುದ್ರ ಏರಿ ಜೆರ್ಸಿ ಎಂಬ ಜಾಗ ಫ್ರಾನ್ಸಿನಿಂದ ಬೇರೆಯಾಯಿತು. ಅಲ್ಲಿ ಸಿಕ್ಕಿಬಿದ್ದ ಕೆಂಪು ಜಿಂಕೆಗಳ ತೂಕ 6 ಸಾವಿರ ವರ್ಷದೊಳಗೆ ಆರನೇ ಒಂದು ಭಾಗಕ್ಕೆ ಇಳಿಯಿತು. ಏಡ್ರಿಯನ್ ಲಿಸ್ಟರ್ 1989ರಲ್ಲಿ ಇದನ್ನು ತೋರಿಸಿದರು. ಅಟ್ಲಾಂಟಿಕ್‌ನ ಗಾಫ್ ದ್ವೀಪದ ಕತೆ ಇನ್ನೂ ಹೊಸದು. 19ನೇ ಶತಮಾನದಲ್ಲಿ ಹಡಗುಗಳಿಂದ ಇಳಿದ ಮನೆ ಇಲಿಗಳು ಇವತ್ತು ತಮ್ಮ ಜಾತಿಯಲ್ಲೇ ಜಗತ್ತಿನ ದೊಡ್ಡ ಇಲಿಗಳ ಸಾಲಿನಲ್ಲಿವೆ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಬದುಕಿರುವ ಮರಿಗಳನ್ನೇ ಕಚ್ಚಿ ತಿನ್ನುತ್ತವೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಸಾವಿರಕ್ಕೂ ಹೆಚ್ಚು ದ್ವೀಪ ಪ್ರಭೇದಗಳನ್ನು ನೋಡಿ, ಸಸ್ತನಿ, ಪಕ್ಷಿ, ಸರೀಸೃಪ ಮೂರರಲ್ಲೂ ಇದೇ ಒಲವು ಇದೆ ಎಂದಿತು. ಕಪ್ಪೆ ಬಳಗ ಮಾತ್ರ ಇದಕ್ಕೆ ಸರಿಯಾಗಿ ಹೊಂದಲಿಲ್ಲ.

ಡೋಡೋ ನೆನಪಿದೆಯಾ? ಅದು ಪಾರಿವಾಳದ ಕುಲ. ಈಗ ಬದುಕಿರುವವರಲ್ಲಿ ಅದಕ್ಕೆ ಅತಿ ಹತ್ತಿರದ ಬಂಧು ನಮ್ಮ ನಿಕೋಬಾರ್ ಪಾರಿವಾಳ. ಅದು ಹಾರಿಕೊಂಡು ಓಡಾಡುತ್ತದೆ, ತೂಕ ಸುಮಾರು ಅರ್ಧ ಕಿಲೋ. ಮಾರಿಷಸ್‌ನಲ್ಲಿ ಉಳಿದ ಡೋಡೋ ಹಾರುವುದನ್ನೇ ಬಿಟ್ಟು 10 ಕಿಲೋ ದಾಟಿತು.

ವಿರೋಧ

ಉದಾಹರಣೆಗಳು ಚೆನ್ನಾಗಿವೆ. ತೊಂದರೆ ಇರುವುದೂ ಅಲ್ಲೇ. ಸೊಂಟದೆತ್ತರದ ಆನೆ ಎಲ್ಲರ ಕಣ್ಣಿಗೆ ಬೀಳುತ್ತದೆ. ದ್ವೀಪಕ್ಕೆ ಹೋಗಿಯೂ ಹಾಗೆಯೇ ಉಳಿದ ಪ್ರಾಣಿಯ ಬಗ್ಗೆ ಯಾರು ಪುಟಗಟ್ಟಲೆ ಬರೆಯುತ್ತಾರೆ? ಶೈ ಮೆಯಿರಿ ಮತ್ತು ಸಂಗಡಿಗರು 2008ರಲ್ಲಿ ಸಸ್ತನಿಗಳನ್ನು ಗುಂಪು ಗುಂಪಾಗಿ ಬಿಡಿಸಿ ನೋಡಿದಾಗ ಎಲ್ಲಕ್ಕೂ ಒಗ್ಗುವ ನಿಯಮ ಸಿಗಲಿಲ್ಲ. ಕೆಲವು ಗುಂಪು ಕುಗ್ಗುತ್ತವೆ, ಕೆಲವು ಹಿಗ್ಗುತ್ತವೆ, ಹಲವಕ್ಕೆ ಏನೂ ಆಗುವುದಿಲ್ಲ.

ಇನ್ನು ದ್ವೀಪದ ದೈತ್ಯರು ಅಂದ ಕೂಡಲೇ ನೆನಪಾಗುವ ಎರಡು ಪ್ರಾಣಿಗಳನ್ನೇ ನೋಡಿ. ಒಂದು ಕೊಮೊಡೊ ಉಡ. ದ್ವೀಪದಲ್ಲಿ ಬೆಳೆದು ಬೆಳೆದು ಹೀಗಾಯಿತು ಅಂತ ಎಷ್ಟೋ ವರ್ಷ ನಂಬಲಾಗಿತ್ತು. 2009ರಲ್ಲಿ ಪ್ರಕಟವಾದ ಪಳೆಯುಳಿಕೆಗಳು ಆ ನಂಬಿಕೆಯನ್ನು ಕೆಡಿಸಿದವು. 30 ಲಕ್ಷ ವರ್ಷಕ್ಕೂ ಹಿಂದೆಯೇ ಆಸ್ಟ್ರೇಲಿಯಾದ ನೆಲದಲ್ಲಿ ಅದೇ ಉಡ ಇತ್ತು. ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಫ್ಲೋರಿಸ್‌ಗೆ ಬಂದ ಮೇಲೆ ಅದು ಹಿಗ್ಗಲಿಲ್ಲ, ಕುಗ್ಗಲೂ ಇಲ್ಲ.

ಇನ್ನೊಂದು ದೈತ್ಯ ಆಮೆ. ಇವತ್ತು ಗಲಾಪಗೋಸ್‌ನಲ್ಲೂ ಅಲ್ಡಾಬ್ರಾದಲ್ಲೂ ಮಾತ್ರ ಕಾಣುವುದರಿಂದ ದ್ವೀಪವೇ ಅವನ್ನು ದೊಡ್ಡದು ಮಾಡಿತು ಅನ್ನಿಸುತ್ತದೆ. ಆದರೆ ನಮ್ಮ ಶಿವಾಲಿಕ್ ಬೆಟ್ಟಗಳಲ್ಲೇ ಅವಕ್ಕಿಂತ ದೊಡ್ಡ ಆಮೆಯ ಪಳೆಯುಳಿಕೆ ಸಿಕ್ಕಿದೆ. ಅದನ್ನು ಮೊದಲು ವಿವರಿಸಿದವರಲ್ಲಿ ಒಬ್ಬರು ಹ್ಯೂ ಫಾಲ್ಕನರ್. ತಮಾಷೆ ನೋಡಿ, ಸಿಸಿಲಿಯ ಆ ಕುಳ್ಳ ಆನೆಗೆ ಇಟ್ಟಿರುವುದೂ ಇದೇ ಮನುಷ್ಯನ ಹೆಸರು. ದೊಡ್ಡ ಆಮೆಗಳು ಖಂಡಗಳಲ್ಲೂ ಇದ್ದವು, ಅಲ್ಲಿ ಅಳಿದವು. ದ್ವೀಪಗಳಲ್ಲಿ ಉಳಿದುಕೊಂಡವು ಅಷ್ಟೇ.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಸಾಕ್ಷಿ ಆಸ್ಟ್ರೇಲಿಯಾದ ಟೈಗರ್ ಹಾವು. ಬಾಸ್ ಜಲಸಂಧಿಯ ಮೌಂಟ್ ಚಾಪೆಲ್ ದ್ವೀಪದಲ್ಲಿ ಅದು ದೈತ್ಯ. ಯಾಕೆಂದರೆ ಅಲ್ಲಿ ಅದಕ್ಕೆ ಕಡಲಹಕ್ಕಿಯ ಕೊಬ್ಬಿದ ಮರಿಗಳು ಸಿಗುತ್ತವೆ. ದಕ್ಷಿಣ ಆಸ್ಟ್ರೇಲಿಯಾದ ರಾಕ್ಸ್‌ಬಿ ದ್ವೀಪದಲ್ಲಿ ಅದೇ ಹಾವು ಕುಳ್ಳ. ಅಲ್ಲಿ ಸಿಗುವುದು ಸಣ್ಣ ಹಲ್ಲಿಗಳು. ಎರಡೂ ದ್ವೀಪವೇ, ಎರಡೂ ಒಂಟಿಯೇ. ಹಾಗಿದ್ದ ಮೇಲೆ ಗಾತ್ರವನ್ನು ತೀರ್ಮಾನ ಮಾಡಿದ್ದು ಒಂಟಿತನವಾ, ಊಟವಾ? ಮೇಲಿನ ವಾದದಲ್ಲೂ ಮೇವು, ಬೇಟೆಗಾರ ಅಂತಲೇ ಕಾರಣ ಕೊಟ್ಟಿದ್ದಾರೆ. ಅವು ದ್ವೀಪದಿಂದ ದ್ವೀಪಕ್ಕೆ ಬೇರೆಯಾಗುವಾಗ ಫಲಿತಾಂಶ ಒಂದೇ ಇರಬೇಕು ಅನ್ನುವುದು ಹೇಗೆ?

ಕೊನೆಗೆ ಫ್ಲೋರಿಸ್‌ನ ಕುಳ್ಳ ಮಾನವ. 2003ರಲ್ಲಿ ಲಿಯಾಂಗ್ ಬುವಾ ಗುಹೆಯಲ್ಲಿ ಸಿಕ್ಕ ಆ ಹೆಣ್ಣಿನ ಎತ್ತರ 1 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದ್ವೀಪ ನಿಯಮ ಮನುಷ್ಯರನ್ನೂ ಬಿಡಲಿಲ್ಲ ಅಂತ ಸುದ್ದಿಯಾಯಿತು. ಆಮೇಲೆ ಅದೇ ದ್ವೀಪದ ಮಾಟಾ ಮೆಂಗೆಯಲ್ಲಿ ಸುಮಾರು 7 ಲಕ್ಷ ವರ್ಷ ಹಳೆಯ ದವಡೆ, ಹಲ್ಲು ಸಿಕ್ಕವು. ಅವರೂ ಆಗಲೇ ಅಷ್ಟೇ ಚಿಕ್ಕವರು. ಪೂರ್ವಜರು ಹೋಮೋ ಎರೆಕ್ಟಸ್ ಎಂಬ ಎತ್ತರದ ಹಳೆಯ ಮಾನವ ಜಾತಿ ಆಗಿದ್ದರೆ, ಹೌದು, ಕುಗ್ಗಿದ್ದಾರೆ. ಆಫ್ರಿಕಾದಿಂದ ಬಂದ ಇನ್ನೂ ಹಳೆಯ, ಮೊದಲೇ ಕುಳ್ಳಗಿದ್ದ ಯಾವುದೋ ಮಾನವ ಕುಲ ಆಗಿದ್ದರೆ, ಕುಗ್ಗಿದ್ದು ಅಷ್ಟೇನೂ ಇಲ್ಲ. ಈ ಜಗಳ ಇನ್ನೂ ಮುಗಿದಿಲ್ಲ. ಪೂರ್ವಜ ಯಾರು ಅಂತ ತೀರ್ಮಾನ ಆಗುವವರೆಗೆ ಈ ಕುಳ್ಳ ಮಾನವನನ್ನು ನಿಯಮದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ.