ಐ ಲವ್ ಬೋರ್ಡಿನ ಹಿಂದೆ ಒಂದು ಸಮುದ್ರ

ಈ ಬೇಸಿಗೆ ರಜೆಗೆ ನಮ್ಮ ಕರಾವಳಿಯ ಮತ್ತೊಂದು ಬೀಚಿಗೆ ಐ ಲವ್ ಬೋರ್ಡು ಬಂದಿದೆ. ಆಳೆತ್ತರದ ಅಕ್ಷರ, ನಡುವೆ ಕೆಂಪು ಹೃದಯ, ಕೆಳಗೆ ಕಾಂಕ್ರೀಟ್ ಕಟ್ಟೆ. ಅಭಿನಂದನೆಗಳು. ಸಮುದ್ರ ಇಲ್ಲೇ ಇದೆ ಅಂತ ಇಷ್ಟು ದಿನ ಜನಕ್ಕೆ ಹೇಗೆ ಗೊತ್ತಾಗಬೇಕಿತ್ತು ಹೇಳಿ?

ನಾವು ಹೋದಾಗ ಬೋರ್ಡಿನ ಮುಂದೆ ಕ್ಯೂ ಇತ್ತು. ಒಬ್ಬರು ಮಗುವನ್ನು ಎತ್ತಿ ಹೃದಯದ ಮೇಲೆ ಕೂರಿಸಿದರು. ಬಿಸಿಲಿಗೆ ಕಾದ ತಗಡು, ಮಗು ಕಿಟಾರನೆ ಕಿರುಚಿತು. ಫೋಟೋ ಚೆನ್ನಾಗಿ ಬಂತು. ಪಾರ್ಕಿಂಗ್ ಚೀಟಿ ಹರಿಯುತ್ತಿದ್ದ ಹುಡುಗನಿಗೆ ಶೌಚಾಲಯ ಎಲ್ಲಪ್ಪ ಅಂದೆ. ಕೈ ತೋರಿಸಿದ. ಹೋಗಿ ನೋಡಿದರೆ ಬೀಗ. ವಾಪಸ್ ಬಂದು ಬೀಗದ ಕೈ ಯಾರ ಹತ್ರ ಅಂದೆ. "ಅವರು ಇವತ್ತು ಮದುವೆಗೆ ಹೋಗಿದ್ದಾರೆ ಸಾರ್" ಅಂದ. ಮೇ ತಿಂಗಳು ನೋಡಿ, ಮುಹೂರ್ತ ಜಾಸ್ತಿ.

ಪಕ್ಕದಲ್ಲಿ ಬೆಂಗಳೂರಿನ ಕುಟುಂಬವೊಂದು ಬೊಂಡ ಕೇಳಿ ಕಾಯುತ್ತಿತ್ತು. ಅಂಗಡಿಯಾತ ನಾಲ್ಕು ಎಳನೀರು ಕೆತ್ತಿ ಕೊಟ್ಟ. ನಮ್ಮಲ್ಲಿ ಬೊಂಡ ಅಂದರೆ ಅದೇ. ಅವರು ಎಣ್ಣೆಯಲ್ಲಿ ಕರಿದದ್ದಕ್ಕೆ ಚಟ್ನಿ ಬೇರೆ ಕೇಳಿದ್ದರಂತೆ. ಎರಡೂ ಕಡೆಯವರು ಸ್ವಲ್ಪ ಹೊತ್ತು ಎಳನೀರನ್ನೇ ನೋಡುತ್ತಾ ನಿಂತರು. ಇಡೀ ದಿನದಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಅದೊಂದೇ.

ಇನ್ನು ಲೈಟ್‌ಹೌಸ್. ಕಾಪುವಿನದು 1901ರದ್ದು, 27 ಮೀಟರ್ ಎತ್ತರ, ಬಂಡೆಯ ಮೇಲೆ ನಿಂತಿದೆ. ಇಲ್ಲಿ ಕಲ್ಲಿದೆ, ದೂರ ಇರಿ ಅಂತ ಹಡಗಿನವರಿಗೆ ಹೇಳೋಕೆ ಕಟ್ಟಿದ್ದು. ಹಡಗಿನವರು ಮಾತು ಕೇಳಿದರು. ನಾವು ಅದೇ ಬಂಡೆಯ ತುದಿಗೆ ಹೋಗಿ, ಅಲೆಗೆ ಬೆನ್ನು ಹಾಕಿ, ಎರಡು ಬೆರಳು ತೋರಿಸುತ್ತೇವೆ. 2024ರ ಫೆಬ್ರವರಿಯಲ್ಲಿ ದೇಶದ 75 ಲೈಟ್‌ಹೌಸ್‌ಗಳನ್ನು ಪ್ರವಾಸಿ ತಾಣ ಮಾಡಿ ಉದ್ಘಾಟಿಸಿಯೂ ಆಯಿತು. ಹತ್ತಿರ ಬರಬೇಡಿ ಅನ್ನುವುದಕ್ಕೇ ಇರುವ ಕಟ್ಟಡ, ಈಗ ಬನ್ನಿ ಬನ್ನಿ ಅನ್ನಬೇಕು.

ಮಲ್ಪೆಯ ತೇಲುವ ಸೇತುವೆ ನೆನಪಿದೆ ಅಲ್ವಾ? 2022ರ ಮೇ ತಿಂಗಳು. ರಾಜ್ಯದಲ್ಲೇ ಮೊದಲನೆಯದು ಅಂತ ಟೇಪ್ ಕತ್ತರಿಸಿದರು. ವಾರ ತುಂಬುವ ಮೊದಲೇ ಅಲೆ ಬಂದು ಬಿಡಿಸಿಟ್ಟು ಹೋಯಿತು. ಮೇ ತಿಂಗಳಲ್ಲಿ ಕಡಲು ಏಳುತ್ತದೆ ಅನ್ನುವುದು ಬಲೆ ಹೆಣೆಯುವ ಅಜ್ಜನಿಗೂ ಗೊತ್ತು. ಅಜ್ಜನನ್ನು ಯಾರು ಕೇಳುತ್ತಾರೆ?

ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆ ಕೊಡುವ ಬಾವುಟ, 33 ಷರತ್ತು. ಶೌಚಾಲಯ ಇರಬೇಕು, ಜೀವ ಉಳಿಸುವವರು ಇರಬೇಕು, ನೀರು ಶುದ್ಧವಿರಬೇಕು. ಸೆಲ್ಫಿ ಪಾಯಿಂಟಿನ ಸುದ್ದಿಯೇ ಇಲ್ಲ. ಪಾಪ, ಡೆನ್ಮಾರ್ಕಿನವರಿಗೆ ತಿಳಿದಿಲ್ಲ.

ತಮಾಷೆ ಸಾಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಮುಳುಗಿ ಸತ್ತರು. ಆಮೇಲೆ ಬೀಚ್ ಮುಚ್ಚಿದರು. ನಮ್ಮದು ಯಾವಾಗಲೂ ಆಮೇಲೆಯೇ. ಹೆಣ ಬಂದ ಮೇಲೆ ಹಗ್ಗ, ಹೆಣ ಬಂದ ಮೇಲೆ ಎಚ್ಚರಿಕೆಯ ಫಲಕ, ಹೆಣ ಬಂದ ಮೇಲೆ ಸಭೆ. ಬರೆದೂ ಬರೆದೂ ನನಗಂತೂ ಸುಸ್ತಾಗಿದೆ.

ನಾವು ಹೋದ ಬೀಚಿನಲ್ಲಿ ಒಬ್ಬ ಲೈಫ್‌ಗಾರ್ಡ್ ಇದ್ದ. ಸೀಟಿ ಊದಿ ಊದಿ ಅವನ ಕೆನ್ನೆ ಕೆಂಪಾಗಿತ್ತು. "ಅಣ್ಣ, ಅಲೆ ಜೋರುಂಟು, ಮೇಲೆ ಬನ್ನಿ" ಅಂತ ಒಬ್ಬರನ್ನು ಕರೆದ. "ಬೆಂಗಳೂರಿಂದ ಎಂಟು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದೀವಿ ಕಣ್ರೀ" ಅಂದರು ಅವರು. ಅಲೆಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ. ಕೂಲಿಂಗ್ ಗ್ಲಾಸ್ ಎತ್ತಿಕೊಂಡು ಹೋಯಿತು.

ಸಂಜೆ ಅವನ ಹತ್ತಿರ ಹೋಗಿ, ನಿಮ್ಮ ಜೊತೆ ಇನ್ಯಾರಿದ್ದಾರೆ ಅಂತ ಕೇಳಿದೆ. ದೂರದಲ್ಲಿ ಚುಕ್ಕೆಯಂತೆ ಕಾಣುವ ಒಬ್ಬನನ್ನು ತೋರಿಸಿದ. ನಡುವೆ ಖಾಲಿ ಮರಳು.

"ಆ ಬೋರ್ಡಿಗೆ ಮಾತ್ರ ರಾತ್ರಿ ವಾಚ್‌ಮನ್ ಇದ್ದಾನೆ ಮಾರಾಯ್ರೆ" ಅಂದ. "ಬಲ್ಬ್ ಕದ್ಕೊಂಡು ಹೋಗ್ತಾರೆ."